ಭಾನುವಾರದ ಸಂತೆ, ಸೋಮವಾರದ ರಸ್ತೆ

ಕಾರವಾರದಲ್ಲಿ ಸಂತೆ ಭಾನುವಾರ. ಘಟ್ಟದ ಮೇಲಿನ ತರಕಾರಿ, ಅಂಕೋಲಾ ಕಡೆಯ ಸೊಪ್ಪು, ಬಟ್ಟೆ, ಬಕೆಟ್ಟು ಎಲ್ಲವೂ ರಸ್ತೆಗೇ ಬಂದು ಕೂರುತ್ತವೆ. ಮೇ ತಿಂಗಳಲ್ಲಿ ಧಾರವಾಡದಿಂದ ಅಕ್ಕನ ಮನೆಗೆ ಹೋದವನು ಅವಳ ಹಿಂದೆ ಸುಮ್ನೆ ಸಂತೆ ತಿರುಗಲು ಹೊರಟೆ.

ಕುಮಟಾದ ಸಿಹಿ ಈರುಳ್ಳಿಯನ್ನು ಇಲ್ಲಿ ಜಡೆ ಹೆಣೆದು ಮಾರುತ್ತಾರೆ. ಹಿಡಿದುಕೊಂಡು ಹೊರಟರಾಯಿತು, ಚೀಲವೇ ಬೇಡ. ಅಬ್ಬಲಿಗೆ ದಂಡೆ ಬಾಳೆಎಲೆಯಲ್ಲಿ ಸುತ್ತಿ ಬಂತು. ಇದರಲ್ಲಿ ಕಸ ಅನ್ನುವುದು ಏನಿದೆ? ಉಳಿದರೂ ಹಸುವಿನ ಪಾಲು. ಆದರೆ ಮೀನು ಕೊಂಡ ಕೂಡಲೇ ತೆಳು ಪ್ಲಾಸ್ಟಿಕ್ ಚೀಲ ಕೈಗೆ ಬಂತು. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ, ಅಲ್ವಾ? ಕೇಳಿದ್ದಕ್ಕೆ ಮೀನಿನವಳು, "ಡಬ್ಬಿ ತಂದ್ರೆ ಡಬ್ಬಿಗೇ ಹಾಕ್ತೆ, ನೀವು ಕೈ ಬೀಸ್ಕೊಂಡು ಬಂದ್ರೆ ನಾನೇನು ಮಾಡ್ಲಿ" ಅಂದಳು. ಮಾತಿನಲ್ಲಿ ತಪ್ಪೇನಿಲ್ಲ.

ಕತ್ತಲಾಗುವ ಹೊತ್ತಿಗೆ ರಸ್ತೆ ನೋಡುವ ಹಾಗಿರಲಿಲ್ಲ. ಕೊಳೆತ ಟೊಮೆಟೊ, ಕೋಸಿನ ಎಲೆ, ಕಬ್ಬಿನ ಸಿಪ್ಪೆ, ಥರ್ಮಕೋಲು. ಇದನ್ನೆಲ್ಲ ಎತ್ತುವುದು ಯಾವಾಗ ಎಂದೆ. "ಬೆಳಿಗ್ಗೆ ಬೇಗ ಏಳು, ಗೊತ್ತಾಗ್ತದೆ" ಎಂದಳು ಅಕ್ಕ.

ಎದ್ದೆ. ಇನ್ನೂ ಅಂಗಡಿ ಬಾಗಿಲು ತೆರೆದಿರಲಿಲ್ಲ. ಪೌರಕಾರ್ಮಿಕ ಹೆಂಗಸರು ಆಗಲೇ ಅರ್ಧ ರಸ್ತೆ ಗುಡಿಸಿದ್ದರು. ಉದ್ದ ಕೋಲಿಗೆ ಕಟ್ಟಿದ ತೆಂಗಿನಕಡ್ಡಿಯ ಪೊರಕೆ. ನಾಲ್ಕು ಮಾರು ಗುಡಿಸಿದ ಮೇಲೆ ಕಡ್ಡಿ ಸಡಿಲವಾಗುತ್ತದೆ. ಆಗ ಪೊರಕೆಯನ್ನು ತಿರುಗಿಸಿ ಕೋಲಿನ ತುದಿಯನ್ನು ನೆಲಕ್ಕೆ ಕುಟ್ಟುತ್ತಾರೆ, ಕಡ್ಡಿ ಮತ್ತೆ ಬಿಗಿಯಾಗುತ್ತದೆ. ಗುಡ್ಡೆ ಎರಡು: ಕೊಳೆಯುವುದು ಒಂದು ಕಡೆ, ಕೊಳೆಯದ್ದು ಇನ್ನೊಂದು ಕಡೆ. ಕಡಲ ಊರಲ್ಲಿ ಮರಳಿನ ಕಾಟ ಬೇರೆ. ಅದು ಕಸದ ಜೊತೆ ಸೇರಿದರೆ ಬುಟ್ಟಿ ಎತ್ತಲಾಗದಷ್ಟು ಭಾರ. ಅದಕ್ಕೇ ಕಸವನ್ನು ಮೇಲಿಂದಷ್ಟೇ ಎಳೆದುಕೊಂಡು ಮರಳನ್ನು ಆಮೇಲೆ ಬಳಿಯುತ್ತಾರೆ. ನೋಡಲು ಸುಲಭ. ಮಾಡಿ ನೋಡಿದರೆ ಸೊಂಟ ಹೇಳುತ್ತದೆ.

ಎಲ್ಲಕ್ಕಿಂತ ಜಾಸ್ತಿ ತಲೆನೋವು ಎಳನೀರು ಬುರುಡೆಯದ್ದಂತೆ. ಹತ್ತು ಬುರುಡೆ ಹಾಕಿದರೆ ಬುಟ್ಟಿ ಭರ್ತಿ. ಬಿಟ್ಟರೂ ಆಗುವುದಿಲ್ಲ, ಜೂನ್ ಮಳೆ ಬಿದ್ದರೆ ಒಳಗೆ ನೀರು ನಿಂತು ಡೆಂಗ್ಯೂ ಸೊಳ್ಳೆ ಮೊಟ್ಟೆಯಿಡುತ್ತದೆ. ಕುಡಿದವರ ಎದುರೇ ಬುರುಡೆಯನ್ನು ಎರಡು ಹೋಳು ಮಾಡುವ ಎಳನೀರಿನವನ ಬಗ್ಗೆ ಗುಡಿಸುವವರಿಗೆ ಬಹಳ ಗೌರವ. ನನಗೂ ಬಂತು.

ಊರು ಸ್ವಚ್ಛ ಅಂದಕೂಡಲೇ ನಾವು ಹೊಗಳುವುದು ಕಸದ ಗಾಡಿಯನ್ನು, ಅದರ ಹಾಡನ್ನು. ನನಗೆ ಕಂಡಂತೆ ಕೆಲಸವೆಲ್ಲ ವಿಂಗಡಿಸುವ ಕೈಯದ್ದು. ಮನೆಯವರು ಬೇರೆ ಮಾಡದೆ ಕೊಟ್ಟದ್ದನ್ನು ಯಾರೋ ಕೈಹಾಕಿ ಬೇರೆ ಮಾಡಲೇಬೇಕು. ಅಕ್ಕ ಮೀನಿನ ಸಿಪ್ಪೆಯನ್ನು ತೆಂಗಿನ ಬುಡದಲ್ಲಿ ಹೂತು, ಹಸಿ ಕಸ ಒಂದು ಬಕೆಟ್ಟಿಗೆ, ಒಣ ಕಸ ಇನ್ನೊಂದಕ್ಕೆ ಹಾಕಿಟ್ಟಿರುತ್ತಾಳೆ. ಪಕ್ಕದ ಮನೆಯವರದ್ದು ಒಂದೇ ಬಕೆಟ್ಟು. ಅನ್ನದ ಜೊತೆಗೇ ಮಗುವಿನ ಡೈಪರ್. ಗಾಡಿಯ ಜೊತೆ ಬಂದ ಹೆಂಗಸು ಅದನ್ನು ಮುಟ್ಟಲಿಲ್ಲ. "ದಿನಾ ತಗೊಳ್ತಿದ್ರಲ್ಲ" ಎಂದು ಯಜಮಾನರು ರೇಗಿದರು.

ಅವಳು ಜಗಳಕ್ಕೆ ನಿಲ್ಲಲಿಲ್ಲ. ಕೈಗವಸು ಕಳಚಿ ಹೆಬ್ಬೆರಳಿನ ಪಟ್ಟಿ ತೋರಿಸಿದಳು. ಹಿಂದಿನ ವಾರ ಇಂಥದ್ದೇ ಬಕೆಟ್ಟಿನಲ್ಲಿ ಒಡೆದ ಬಲ್ಬು ಇತ್ತಂತೆ. "ಗಾಜಿದ್ರೆ ಪೇಪರಲ್ಲಿ ಸುತ್ತಿ ಬೇರೆ ಕೊಡಿ ಸರ್, ನಾನೇ ತಗೊಂಡು ಹೋಗ್ತೆ" ಎಂದಳು. ಯಜಮಾನರು ಗೊಣಗುತ್ತಲೇ ಒಳಗೆ ಹೋಗಿ ಇನ್ನೊಂದು ಬಕೆಟ್ಟು ತಂದರು.