ಚೀಟಿ ಆರಿಸುವ ಕೆಲಸ

ಪ್ರೇಕ್ಷಕರ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳೋಣ, ಹಾಲ್‌ನಲ್ಲಿ ಮೈಕ್ ಓಡಾಡೋದು ಬೇಡ ಎಂದವಳು ನಾನೇ. ರನ್ ಶೀಟ್‌ನಲ್ಲಿ ಅದು ಒಂದೇ ಸಾಲು. ನಮ್ಮ ಡೈರೆಕ್ಟರ್ ಅದನ್ನು ನೋಡಿ ಖುಷಿಪಟ್ಟ ರೀತಿಗೇ, ಇದರಲ್ಲಿ ಏನೋ ಐಬಿದೆ ಎಂದು ನನಗೆ ಹೊಳೆಯಬೇಕಿತ್ತು.

ನಾನು ಜರ್ಮನಿಯ ಒಂದು ನಗರದ ಕಲಾಕೇಂದ್ರದಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಇದು 2024ರ ಆರಂಭದ ಮಾತು. ಆಗ ನಮ್ಮ ಎಲ್ಲ ಮೀಟಿಂಗ್‌ಗಳೂ ಕೊನೆಗೆ ಡಾಕ್ಯುಮೆಂಟಾ ವಿಷಯಕ್ಕೇ ಬಂದು ನಿಲ್ಲುತ್ತಿದ್ದವು. ಕಾಸೆಲ್ ಊರಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ, 1955ರಲ್ಲಿ ಶುರುವಾದ ದೊಡ್ಡ ಕಲಾಪ್ರದರ್ಶನ ಅದು. 2022ರಲ್ಲಿ ಅದರ ಹೊಣೆ ಜಕಾರ್ತದ ರುವಾಂಗ್‌ರೂಪಾ ಬಳಗದ್ದು. ಇಂಡೊನೇಷ್ಯಾದ್ದೇ ಇನ್ನೊಂದು ಬಳಗ ತಾರಿಂಗ್ ಪಾಡಿ, ತಾನು 2002ರಲ್ಲಿ ಬರೆದ ಒಂದು ಭಾರಿ ಬ್ಯಾನರನ್ನು ಅಲ್ಲಿ ಚೌಕದಲ್ಲಿ ಕಟ್ಟಿತು. ವಿಷಯ ಇಂಡೊನೇಷ್ಯಾದ ಸರ್ವಾಧಿಕಾರಿ ಸುಹಾರ್ತೊ ಕಾಲದ ದೌರ್ಜನ್ಯ ಮತ್ತು ಅದಕ್ಕೆ ಬೆನ್ನಿಗೆ ನಿಂತ ದೇಶಗಳು. ನೂರಾರು ಆಕೃತಿಗಳ ನಡುವೆ ಹಂದಿ ಮುಖದ ಒಬ್ಬ ಸೈನಿಕ, ಹೆಲ್ಮೆಟ್ ಮೇಲೆ ಇಸ್ರೇಲ್ ಗೂಢಚಾರ ಸಂಸ್ಥೆಯ ಹೆಸರು, 'ಮೊಸಾದ್'. ಇನ್ನೊಂದು ಕಡೆ ಸಂಪ್ರದಾಯಸ್ಥ ಯೆಹೂದಿಗಳಂತೆ ಕೆನ್ನೆಯ ಪಕ್ಕ ಜಡೆ ಬಿಟ್ಟ, ಕೋರೆಹಲ್ಲಿನ ಮನುಷ್ಯ. ಅವನ ಟೋಪಿಯ ಮೇಲೆ ನಾಜಿಗಳ ಎಸ್‌ಎಸ್ ಗುರುತು. ಪ್ರದರ್ಶನ ತೆರೆದ ಎರಡು ಮೂರು ದಿನದಲ್ಲೇ ಅದಕ್ಕೆ ಕಪ್ಪು ಬಟ್ಟೆ ಮುಚ್ಚಿದರು, ಮರುದಿನ ಇಳಿಸಿಯೇಬಿಟ್ಟರು. ಜುಲೈನಲ್ಲಿ ಸಂಸ್ಥೆಯ ಮುಖ್ಯಸ್ಥೆ ಕೆಲಸ ಬಿಟ್ಟರು.

ಈ ಚಿತ್ರದ ಬಗ್ಗೆ ನನಗೆ ಗೊಂದಲ ಇಲ್ಲ. ಯೆಹೂದಿಯನ್ನು ಕೋರೆಹಲ್ಲಿನ ರಾಕ್ಷಸನ ಥರ ಬರೆಯುವುದು ಯುರೋಪಿನ ಹಳೇ ಚಾಳಿ. ಇಸ್ರೇಲ್ ಸರ್ಕಾರವನ್ನು ಟೀಕಿಸಲು ಅದು ಬೇಕಾಗಿಯೇ ಇಲ್ಲ. ಬೆರಳಿಟ್ಟು ತೋರಿಸಬಹುದಾದ ತಪ್ಪು.

ಮರುವರ್ಷ ನಡೆದದ್ದೇ ಬೇರೆ. ಮುಂದಿನ ಡಾಕ್ಯುಮೆಂಟಾಕ್ಕೆ ನಿರ್ದೇಶಕರನ್ನು ಆರಿಸುವ ಸಮಿತಿಯಲ್ಲಿ ನಮ್ಮ ಮುಂಬೈ ಕವಿ ರಂಜಿತ್ ಹೊಸ್ಕೋಟೆ ಇದ್ದರು. 2019ರಲ್ಲಿ ಮುಂಬೈನ ಇಸ್ರೇಲ್ ಕಾನ್ಸುಲೇಟ್ ಸೇರಿ ನಡೆಸಿದ, ಜಿಯೋನಿಸಂ (ಯೆಹೂದಿಗಳಿಗೆ ಅವರದೇ ದೇಶ ಬೇಕೆಂಬ ಚಳವಳಿ) ಮತ್ತು ಹಿಂದುತ್ವ ಕುರಿತ ಸಭೆಯೊಂದರ ವಿರುದ್ಧ ಅವರು ಒಂದು ಪತ್ರಕ್ಕೆ ಸಹಿ ಹಾಕಿದ್ದರು. 2023ರ ನವೆಂಬರ್‌ನಲ್ಲಿ ಇಲ್ಲಿನ ಪತ್ರಿಕೆಯೊಂದು ಅದನ್ನು ಹೊರಗೆಳೆಯಿತು. ಅವರು ಅಕ್ಟೋಬರ್ 7ರ ಹಮಾಸ್ ದಾಳಿಯನ್ನು ಖಂಡಿಸಿದರು. ಆದರೆ ಯೆಹೂದಿ ಜನರನ್ನೂ ಇಸ್ರೇಲ್ ಸರ್ಕಾರವನ್ನೂ ಒಂದೇ ಮಾಡುವ ಯೆಹೂದಿ-ದ್ವೇಷದ ವ್ಯಾಖ್ಯೆ ತನಗೆ ಒಪ್ಪಿಗೆ ಇಲ್ಲ ಎಂದು ರಾಜೀನಾಮೆ ಕೊಟ್ಟರು. ಅವರ ಹಿಂದೆಯೇ ಉಳಿದ ಸದಸ್ಯರೂ ಹೋದರು. ಪತ್ರದ ಮಾತುಗಳು ಖಾರವಾಗಿದ್ದವು, ನಿಜ. ಆದರೂ ಕೋರೆಹಲ್ಲಿನ ಚಿತ್ರವೂ ಸಹಿ ಹಾಕಿದ ಪತ್ರವೂ ಒಂದೇ ಫೈಲಿಗೆ ಸೇರುತ್ತವಾ? ಇಲ್ಲಿನ ಆಫೀಸುಗಳಲ್ಲಿ ಸೇರಿಬಿಟ್ಟಿದ್ದವು.

ನಮ್ಮ ಸಂಜೆಯ ಕಾರ್ಯಕ್ರಮ ಇದೇ ವಿಷಯದ ಮೇಲೆ. ಆ ಜನವರಿಯಲ್ಲಿ ಬರ್ಲಿನ್ ಸಂಸ್ಕೃತಿ ಇಲಾಖೆ ಅನುದಾನ ಬೇಕಾದರೆ ಐಎಚ್‌ಆರ್‌ಎ (ಯೆಹೂದಿ ಹತ್ಯಾಕಾಂಡದ ನೆನಪು ಉಳಿಸಲು ಹಲವು ದೇಶಗಳು ಕಟ್ಟಿಕೊಂಡ ಒಕ್ಕೂಟ) ಕೊಟ್ಟ ಯೆಹೂದಿ-ದ್ವೇಷದ ವ್ಯಾಖ್ಯೆಗೆ ಒಪ್ಪಿ ಎಂದು ಷರತ್ತು ಹಾಕಿ, ಗಲಾಟೆಯಾದ ಮೇಲೆ ಅದೇ ತಿಂಗಳು ಹಿಂತೆಗೆದುಕೊಂಡಿತ್ತು. ನಮ್ಮ ಡೈರೆಕ್ಟರ್‌ಗೆ ಷರತ್ತು ಹೋದ ಸುದ್ದಿ ಬೇಡ, ಬಂದ ಸುದ್ದಿ ಸಾಕು. ಯಾರೂ ಕೇಳದಿದ್ದರೂ ಅತಿಥಿಗಳಿಗೆಲ್ಲ ಒಂದು ಫಾರ್ಮ್ ಕಳಿಸಿದರು. ಆ ವ್ಯಾಖ್ಯೆಯ ಜೊತೆಗಿರುವ 11 ಉದಾಹರಣೆಗಳಲ್ಲಿ 7 ಇಸ್ರೇಲ್‌ಗೆ ಸಂಬಂಧಿಸಿದವು. ಅದನ್ನು ಬರೆಯುವಲ್ಲಿ ಮುಂದಿದ್ದ ಕೆನೆತ್ ಸ್ಟರ್ನ್ ಅವರೇ ಇದನ್ನು ಮಾತು ತಡೆಯಲು ಬಳಸಬೇಡಿ ಎಂದು ಹೇಳುತ್ತಲೇ ಇದ್ದಾರೆ. ಅತಿಥಿಗಳಲ್ಲಿ ಇಸ್ರೇಲಿನಲ್ಲಿ ಹುಟ್ಟಿದ ಕಲಾವಿದೆಯೊಬ್ಬರಿದ್ದರು. ಫೋನ್ ಮಾಡಿ, "ನನಗೆ ಯೆಹೂದಿಗಳ ಮೇಲೆ ದ್ವೇಷ ಇಲ್ಲ ಅಂತ ನಾನು ನಿಮಗೆ ಬರೆದುಕೊಡಬೇಕಾ?" ಎಂದು ಕೇಳಿದರು. ನಾನು ಫಾರ್ಮ್ ಐಚ್ಛಿಕ ಎಂದೆ. ಆ ಸುಳ್ಳಿನ ಬಗ್ಗೆ ನನಗೆ ಬೇಸರವೇನೂ ಇಲ್ಲ.

ಸಂಜೆ ಹಾಲ್ ತುಂಬಿತ್ತು. ನಾನು ಸೌಂಡ್ ಡೆಸ್ಕ್ ಪಕ್ಕ ಕುಳಿತು ಚೀಟಿ ಆರಿಸುತ್ತಿದ್ದೆ. ಕಲಾಶಾಲೆಗಳ ಬಜೆಟ್, ಆಯ್ಕೆ ಸಮಿತಿಯ ನಿಯಮ, ಇಂಥವು ಮೇಲಕ್ಕೆ. ಎರಡು ಚೀಟಿ ಮಾತ್ರ ಕೈ ಸುಡುವಂತಿದ್ದವು. ಒಂದು: "2019ರಲ್ಲಿ ಹಾಲೆ ಸಿನಗಾಗ್ ಮೇಲೆ ದಾಳಿ ಆದಾಗಿನಿಂದ ಪ್ರಾರ್ಥನೆಗೆ ಹೋಗಲು ನನಗೆ ಭಯ. ಆ ಬ್ಯಾನರ್ ಕಟ್ಟಿದಾಗ ನಿಮ್ಮಲ್ಲಿ ಒಬ್ಬರ ಕಣ್ಣಿಗೂ ಯಾಕೆ ಬೀಳಲಿಲ್ಲ?" ಇನ್ನೊಂದು: "ಗಾಜಾದಲ್ಲಿ ನನ್ನ ಚಿಕ್ಕಮ್ಮನ ಮನೆ ಉಳಿದಿಲ್ಲ. ಇದನ್ನು ವೇದಿಕೆಯಲ್ಲಿ ಹೇಳಿದರೆ ನಿಮ್ಮ ಫಾರ್ಮ್ ಪ್ರಕಾರ ಅದೂ ದ್ವೇಷವಾ?" ಎರಡನ್ನೂ ಫೋಲ್ಡರ್‌ನ ಹಿಂದಿನ ಜೇಬಿಗೆ ಸೇರಿಸಿದೆ. ಎರಡೂ ಕಡೆಯದು ತೆಗೆದೆ, ಅಲ್ಲಿಗೆ ಸರಿಹೋಯಿತು ಎಂಬ ಲೆಕ್ಕ.

ಮಾಡರೇಟರ್ ಕೊನೆಯ ಪ್ರಶ್ನೆ ಎನ್ನುತ್ತಿದ್ದಂತೆ ಮೂರನೇ ಸಾಲಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. "ನನ್ನ ಚೀಟಿ ಎಲ್ಲಿ?" ಮೈಕ್ ಬೇಕಿರಲಿಲ್ಲ, ಹಾಲ್‌ಗೆಲ್ಲ ಕೇಳಿಸಿತು. ಮಾಡರೇಟರ್ ನನ್ನ ಕಡೆ ನೋಡಿದರು. ಸೌಂಡ್‌ನ ಹುಡುಗ ಫೇಡರ್ ಮೇಲೆ ಬೆರಳಿಟ್ಟು, ಹ್ಯಾಂಡ್‌ಮೈಕ್ ಓಪನ್ ಮಾಡ್ಲಾ ಎಂದು ಹುಬ್ಬಿನಲ್ಲೇ ಕೇಳಿದ. ನಾನು ಬೇಡ ಎಂದು ಕೈ ಆಡಿಸಿದೆ. ಅದನ್ನು ಆಕೆ ನೋಡಿದರು. "ಅವರಿಗೆ ಹೆದರಿ ನನ್ನ ಬಾಯಿ ಮುಚ್ಚಿಸ್ತಿದ್ದೀರಿ" ಎಂದರು. ಹಿಂದಿನ ಬಾಗಿಲ ಹತ್ತಿರದಿಂದ ಒಬ್ಬ ಹುಡುಗ, "ನನ್ನದೂ ಓದಿಲ್ಲ. ನೀವು ಹೆದರಿದ್ದು ಅವರಿಗೆ!" ಎಂದ. ಇಬ್ಬರೂ ಒಬ್ಬರನ್ನೊಬ್ಬರು ತಿರುಗಿ ನೋಡಿದರು. ಮುಂದಿನ ಸಾಲಿನಿಂದ ಡೈರೆಕ್ಟರ್ ಬೆರಳು ಸುತ್ತಿಸಿ ಮುಗಿಸಿ, ಮುಗಿಸಿ ಎನ್ನುತ್ತಿದ್ದರು. ಯಾರೋ ಹೌಸ್ ಲೈಟ್ ಹಾಕಿಬಿಟ್ಟರು.

ಬೇರೆ ದಾರಿ ಕಾಣದೆ ನಾನೇ ಇಳಿದು ಹೋಗಿ ಚೀಟಿಗಳನ್ನು ಅವರವರ ಕೈಗೆ ಕೊಟ್ಟೆ. ಸೌಂಡ್‌ನ ಹುಡುಗ ನನ್ನನ್ನು ಕೇಳದೆಯೇ ಮೈಕ್ ತೆರೆದ. ಇಬ್ಬರೂ ಓದಿದರು. ಆಮೇಲೆ ವೇದಿಕೆಯವರನ್ನು ಬಿಟ್ಟು ತಮ್ಮತಮ್ಮಲ್ಲೇ ಮಾತಿಗೆ ಬಿದ್ದರು. ಆಕೆಗೆ ಜಿಯೋನಿಸಂ ಎಂದರೆ ಯಾವ ದೇಶವೂ ಒಳಗೆ ಬಿಟ್ಟುಕೊಳ್ಳದಾಗ ಅವರ ಅತ್ತೆಗೆ ಸಿಕ್ಕ ಸೂರು. ಅವನಿಗೆ 1948ರಲ್ಲಿ, ಇಸ್ರೇಲ್ ಹುಟ್ಟಿದಾಗ, ಅಜ್ಜ ಬಿಟ್ಟು ಬಂದ ಊರು. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ನಡುವೆ ಒಬ್ಬರು ಬಾಗಿಲು ಧಡಾರನೆ ಹಾಕಿಕೊಂಡು ಹೋದರು. ವೇದಿಕೆಯಲ್ಲಿದ್ದ ನಗರಸಭೆಯ ಸದಸ್ಯರು ಭಾಷಣ ಶುರು ಮಾಡಿದರು, ಯಾರೂ ಕೇಳಲಿಲ್ಲ. ಆದರೂ ಆ ಸಂಜೆ ಬ್ಯಾನರ್‌ನ ಚಿತ್ರದ ಬಗ್ಗೆ ನೇರವಾಗಿ ಮಾತಾಡಿದ್ದು ಆ ಹುಡುಗ ಒಬ್ಬನೇ. ಅದು ಕೊಳಕು ಚಿತ್ರ, ನನ್ನ ಹೆಸರಲ್ಲಿ ಅದನ್ನು ಯಾರೂ ಕಟ್ಟಬೇಕಾಗಿಲ್ಲ ಎಂದ. ನಮ್ಮ ಪ್ಯಾನೆಲ್ ಅಷ್ಟು ಹೊತ್ತು ಅದರ ಸುತ್ತಲೇ ಸುತ್ತಿತ್ತು.

ಎರಡೂ ಕಡೆಯ ಚೀಟಿ ತೆಗೆದರೆ ಇಬ್ಬರಿಗೂ ಸಮಾಧಾನ ಆಗುತ್ತದೆ ಎಂಬ ನನ್ನ ಲೆಕ್ಕ ಎಲ್ಲಿ ತಪ್ಪಿತು ಎಂದರೆ, ಇನ್ನೊಬ್ಬರ ಚೀಟಿಯೂ ಹೋಗಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಪ್ರೊಡಕ್ಷನ್‌ನಲ್ಲಿರುವವರಿಗೆ ನಾನೀಗ ಹೇಳುವುದು ಇಷ್ಟೇ. ಮೈಕ್ ಕೊಡಿ, ಮಾತಿಗೆ ಸಮಯ ಕಟ್ಟಿ, ಏನಾದರೂ ತೆಗೆದರೆ ತೆಗೆದಿದ್ದೇವೆ ಎಂದು ವೇದಿಕೆಯಿಂದಲೇ ಹೇಳಿ. ಟೆಕ್ನಿಷಿಯನ್‌ಗಳ ಓವರ್‌ಟೈಮನ್ನು ಮೊದಲೇ ಬಜೆಟ್‌ಗೆ ಹಾಕಿ. ಮರುದಿನದ ಡಿಬ್ರೀಫ್‌ನಲ್ಲಿ ಡೈರೆಕ್ಟರ್ ಹೆಚ್ಚು ಹೊತ್ತು ಕೂಗಾಡಿದ್ದು ಅದಕ್ಕೇ.

ಈಗ ಚೀಟಿ ಹೋಗಿ ಆ್ಯಪ್ ಬಂದಿದೆ. ಪ್ರೇಕ್ಷಕರು ಫೋನ್‌ನಲ್ಲೇ ಪ್ರಶ್ನೆ ಟೈಪ್ ಮಾಡಬೇಕು. ಅದರಲ್ಲೂ 'ಅಪ್ರೂವ್' ಅಂತ ಒಂದು ಬಟನ್ ಇದೆ. ಅದನ್ನು ಒತ್ತುವ ಕೆಲಸ ನನಗೆ ಬೇಡ ಎಂದು ಮೇಲ್ ಹಾಕಿದೆ. ಉತ್ತರ ಬರಲಿಲ್ಲ. ಆ ಬಟನ್‌ನ ಟ್ರೈನಿಂಗ್‌ಗೆ ಕ್ಯಾಲೆಂಡರ್ ಇನ್ವೈಟ್ ಮಾತ್ರ ಬಂತು.