ಹಂಚಿನ ತೂತಿನಲ್ಲಿ ಬಿದ್ದ ಸೂರ್ಯ

ಚಾಲಿ ಅಡಿಕೆ ಒಣಗಿಸುವ ಹೊತ್ತಿಗೇ ಶಿರಸಿಯ ಮನೆಗೆ ಹೋಗಿದ್ದೆ. ಎರಡು ದಿನದಿಂದ ಮೋಡ. ಅಪ್ಪ ಅಂಗಳದಲ್ಲಿ ಕೂತು ಆಕಾಶ ನೋಡುತ್ತಿದ್ದ. ನಾನು ಬಾಹ್ಯಾಕಾಶದ ಸೋಲಾರ್ ಪ್ಯಾನಲ್‌ಗಳಿಗೆ ಬೆಳಕು ಒಟ್ಟುಗೂಡಿಸುವ ಲೆನ್ಸ್ ಡಿಸೈನ್ ಮಾಡುತ್ತೇನೆ ಅಂತ ಅವನಿಗೆ ಗೊತ್ತು.

'ತಮಾ, ಮೇಲಿಂದ ನಮ್ಮನೆ ಅಂಗಳಕ್ಕೆ ಮಾತ್ರ ಬಿಸ್ಲು ಬಿಡಲೆ ಆಗ್ತಿಲ್ಯನ?'

ಮರುದಿನ ಬಿಸಿಲು ಬಂತು. ಅಪ್ಪನನ್ನು ಜಗಲಿಗೆ ಕರೆದೆ. ಒಡೆದ ಹಂಚಿನ ಸಂದಿಯಿಂದ ನೆಲಕ್ಕೆ ದುಂಡನೆ ಬೆಳಕು ಬಿದ್ದಿತ್ತು. ತೂತು ಮೂರು ಮೂಲೆಯದು, ಬೆಳಕು ಮಾತ್ರ ದುಂಡಗೆ. ಅದು ತೂತಿನ ಆಕಾರ ಅಲ್ಲ, ಸೂರ್ಯನದ್ದೇ ಚಿತ್ರ. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ ಇದ್ದಾನೆ. ಮೂರು ಮೀಟರ್ ದೂರಕ್ಕೆ ಅವನ ಚಿತ್ರ ಮೂರು ಸೆಂಟಿಮೀಟರ್ ಹತ್ತಿರ. ಉಪಗ್ರಹ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಭೂಸ್ಥಿರ ಕಕ್ಷೆಯ 36,000 ಕಿ.ಮೀ.ಗೆ? 330 ಕಿ.ಮೀ.ಗೂ ಜಾಸ್ತಿ! ಅಲ್ಲಿ ಎಂಥ ಕನ್ನಡಿ ಇಟ್ಟರೂ ಬೆಳಕು ಕಾರವಾರದಿಂದ ಕಾಸರಗೋಡು ದಾಟಿ ಹರಡುತ್ತದೆ. ಅಷ್ಟು ತೆಳುವಾದ ಬಿಸಿಲಿಗೆ ಅಡಿಕೆ ಒಣಗುವುದಿಲ್ಲ. ಮೋಡವಂತೂ ಅಡ್ಡ ಇದ್ದೇ ಇರುತ್ತದೆ.

'ಮಳೆಗಾಲದೊಳಗೆ ಆ ಹಂಚು ಬದ್ಲು ಮಾಡ್ಸವು' ಎಂದ ಅಪ್ಪ.

ನನ್ನ ಕೆಲಸದಲ್ಲೂ ಕಾಟ ಕೊಡುವುದು ಇದೇ ಅರ್ಧ ಡಿಗ್ರಿ. ಬೆಳಕಿನಿಂದ ಕರೆಂಟು ಮಾಡುವ ಸೆಲ್ ದುಬಾರಿ, ಲೆನ್ಸ್ ಹಗುರ. ಹಾಗಾಗಿ ಅಗಲ ಲೆನ್ಸಿನ ಕೆಳಗೆ ಸಪೂರ ಸೆಲ್ ಪಟ್ಟಿ ಇಡುತ್ತೇವೆ. ಸೆಲ್ ಕಡಿಮೆ ಇದ್ದರೆ ವಿಕಿರಣ ತಡೆಯಲು ದಪ್ಪ ಗಾಜು ಹೊದಿಸಿದರೂ ತೂಕ ಅಷ್ಟು ಏರದು. ಹಾಗಾದರೆ ನೂರು ಪಟ್ಟು ಒಟ್ಟುಗೂಡಿಸಬಹುದಲ್ವಾ? ಉದ್ದ ಪಟ್ಟಿಯ ಲೆನ್ಸಿನಲ್ಲಿ ನೂರು ಪಟ್ಟು ಅಂದರೆ, ಎಷ್ಟೇ ಚೆಂದದ ಡಿಸೈನ್ ಆದರೂ ಬೆಳಕು ಸೆಲ್ ತಪ್ಪದಂತೆ ಆಚೀಚೆ ವಾಲಲು ಸಿಗುವ ಜಾಗ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದರಲ್ಲಿ ಕಾಲು ಡಿಗ್ರಿ, ಅಂದರೆ ತನ್ನ ಅಗಲದ ಅರ್ಧ, ಸೂರ್ಯನೇ ತಿಂದುಬಿಡುತ್ತಾನೆ. ಬಿಸಿಲು-ನೆರಳಿಗೆ ಪ್ಯಾನಲ್ ಚೂರು ಬಾಗಿದರೆ ಬೆಳಕು ಸೆಲ್ ಬಿಟ್ಟು ಪಕ್ಕಕ್ಕೆ ಬೀಳುತ್ತದೆ. ನೂರರ ಬದಲು ಏಳು ಪಟ್ಟು ಸಾಕು ಅಂದರೆ ಲೆಕ್ಕದಲ್ಲಿ ಎಂಟು ಡಿಗ್ರಿ ಸಿಗುತ್ತದೆ. ನಿಜವಾದ ಲೆನ್ಸಿಗೆ ಇನ್ನೂ ಕಡಿಮೆ, ಆದರೂ ಜೀವ ಉಳಿಯುತ್ತದೆ.

1998ರಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆ ಹಾರಿದ್ದೂ ಏಳರ ಆಸುಪಾಸಿನ ಲೆನ್ಸ್‌ಗಳಿಂದಲೇ. ಗೀರು ಗೀರಾದ ತೆಳು ಹಾಳೆಯಂಥ 720 ಫ್ರೆನೆಲ್ ಲೆನ್ಸ್, ಸುಮಾರು 2,500 ವ್ಯಾಟ್. ನಾನು ಮೊದಲು ಇಪ್ಪತ್ತು ಪಟ್ಟು ಅಂತ ಹಟ ಹಿಡಿದಿದ್ದೆ, ಸುಮ್ನೆ ನಾಲ್ಕು ತಿಂಗಳು ಹೋಯಿತು. ಈಗ ಏಳಕ್ಕೆ ಬಂದಿದ್ದೇನೆ. ಉಳಿದಿರುವುದು ಬಿಸಿ. ಅಲ್ಲಿ ಗಾಳಿ ಇಲ್ಲ. ಸೆಲ್ಲಿನ ಶಾಖವನ್ನು ಹಿಂದಿನ ತೆಳು ಹಾಳೆಗೆ ಹರಡಿ, ಅಲ್ಲಿಂದ ಕತ್ತಲೆಗೆ ಬಿಡಬೇಕು. ಸದ್ಯ ಆ ಹಾಳೆ ಎಷ್ಟು ದಪ್ಪ ಇರಬೇಕು ಅಂತ ಲೆಕ್ಕ ಹಾಕುತ್ತಿದ್ದೇನೆ.