ಮುಗಿದ ಕಾಲ, ಮುಗಿಯದ ಕಾಲ

ಅಣ್ಣನ ಮಗಳು ಬೆಂಗಳೂರಿಗೆ ಕೆಲಸದ ಸಂದರ್ಶನಕ್ಕೆ ಹೊರಡುವ ಹಿಂದಿನ ದಿನ, ತನ್ನನ್ನು ಪರಿಚಯಿಸಿಕೊಳ್ಳುವ ನಾಲ್ಕಾರು ಇಂಗ್ಲಿಷ್ ವಾಕ್ಯಗಳನ್ನು ಹಾಳೆಯಲ್ಲಿ ಬರೆದುಕೊಂಡು ನಮ್ಮ ಮನೆಗೆ ಬಂದಳು. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ನನಗೆ ಕೆಂಪು ಪೆನ್ನಿನ ಚಟ ಇನ್ನೂ ಬಿಟ್ಟಿಲ್ಲ.

ಮೊದಲ ಸಾಲು ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2021’ ಎಂದಿತ್ತು. “ಡಿಗ್ರಿ ಮುಗಿದಿದೆಯಲ್ಲ ಚಿಕ್ಕಪ್ಪ, ಅದಕ್ಕೇ ‘ಹ್ಯಾವ್’ ಸೇರಿಸಿ ಪ್ರೆಸೆಂಟ್ ಪರ್ಫೆಕ್ಟ್ ಹಾಕಿದೆ” ಎಂದಳು. ಕನ್ನಡದಲ್ಲಿ ‘2021ರಲ್ಲಿ ಮುಗಿಸಿದೆ’ ಎಂದರೂ ‘ಮುಗಿಸಿದ್ದೇನೆ’ ಎಂದರೂ ಯಾರೂ ತಪ್ಪು ಹಿಡಿಯುವುದಿಲ್ಲ. ಇಂಗ್ಲಿಷ್ ಈ ಸಲುಗೆ ಕೊಡುವುದಿಲ್ಲ. ವರ್ಷವನ್ನೋ ‘ಯೆಸ್ಟರ್‌ಡೇ’, ‘ಎಗೋ’ ಎಂಬಂಥ ಮುಗಿದುಹೋದ ಕಾಲವನ್ನೋ ಹೆಸರಿಸಿದ ಮೇಲೆ ಅಲ್ಲಿ ಸಿಂಪಲ್ ಪಾಸ್ಟ್, ಅಂದರೆ ಬರೀ ‘ಕಂಪ್ಲೀಟೆಡ್’, ಬರಬೇಕು. ‘ಹ್ಯಾವ್’ ಹೊಡೆದುಹಾಕಿದೆ.

ಎರಡನೆಯದು ‘ಐ ಆ್ಯಮ್ ವರ್ಕಿಂಗ್ ಇನ್ ಆ್ಯನ್ ಆಡಿಟರ್ಸ್ ಆಫೀಸ್ ಸಿನ್ಸ್ ತ್ರೀ ಇಯರ್ಸ್’. ಕನ್ನಡದ ‘ಇಂದ’ ಪ್ರತ್ಯಯ ‘ಮೂರು ವರ್ಷದಿಂದ’ ಎಂಬ ಅವಧಿಗೂ ‘ಜೂನ್ ತಿಂಗಳಿಂದ’ ಎಂಬ ಆರಂಭಕ್ಕೂ ಒಗ್ಗುವುದರಿಂದ, ಅವಧಿಗೆ ‘ಫಾರ್’, ಆರಂಭಕ್ಕೆ ‘ಸಿನ್ಸ್’ ಎಂಬ ಭೇದ ನಮ್ಮ ಕಿವಿಗೆ ತಾನಾಗಿ ಬೀಳುವುದಿಲ್ಲ. “ನಮ್ಮ ಆಫೀಸಿನಲ್ಲಿ ಎಲ್ಲರೂ ಹೀಗೇ ಹೇಳ್ತಾರೆ” ಎಂದು ವಾದಿಸಿದಳು. ಹೇಳುವುದು ನಿಜ, ಅರ್ಥವಾಗುವುದೂ ನಿಜ. ಆದರೆ ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸವಾದ್ದರಿಂದ, ಸಂದರ್ಶನಕ್ಕೆ ‘ಐ ಹ್ಯಾವ್ ಬೀನ್ ವರ್ಕಿಂಗ್... ಫಾರ್ ತ್ರೀ ಇಯರ್ಸ್’ ಎಂಬುದೇ ಸರಿ.

ಅವಳು ಅದನ್ನು ‘ಐ ವರ್ಕ್‌ಡ್ ದೇರ್ ಫಾರ್ ತ್ರೀ ಇಯರ್ಸ್’ ಎಂದು ಚಿಕ್ಕದಾಗಿಸಿ, “ಇದಾಗುತ್ತಾ?” ಎಂದು ಕೇಳಿದಳು. ವ್ಯಾಕರಣದಲ್ಲಿ ದೋಷವಿಲ್ಲ, ಆದರೆ ಕೇಳಿದವರು ಅವಳು ಆ ಕೆಲಸ ಬಿಟ್ಟಿದ್ದಾಳೆಂದೇ ತಿಳಿಯುತ್ತಾರೆ. ಕಾಲಸೂಚಕ ಪದ ಅದೇ ಇದ್ದರೂ ಕ್ರಿಯಾಪದ ಬದಲಾದೊಡನೆ ಉದ್ಯೋಗಸ್ಥೆ ನಿರುದ್ಯೋಗಿಯಾಗುತ್ತಾಳೆ. ಇಂಥ ಪದಕ್ಕೆ ಇಂಥ ಕಾಲ ಎಂದು ಶಾಲೆಗಳಲ್ಲಿ ಬಾಯಿಪಾಠ ಮಾಡಿಸುವ ಪಟ್ಟಿ ಇಲ್ಲಿ ಕೈಕೊಡುತ್ತದೆ ಎಂಬುದು ನನ್ನ ಹಳೆಯ ತಕರಾರು. ‘ದಿಸ್ ಮಾರ್ನಿಂಗ್’ ಎಂಬುದನ್ನೇ ನೋಡಿ: ಹನ್ನೊಂದು ಗಂಟೆಗೆ ‘ಐ ಹ್ಯಾವ್ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್’ ಎನ್ನಬಹುದು, ಸಂಜೆ ನಾಲ್ಕಕ್ಕೆ ‘ಐ ಹ್ಯಾಡ್’ ಎನ್ನಬೇಕು. ಪದ ಬದಲಾಗಿಲ್ಲ, ಬೆಳಗು ಮುಗಿದಿದೆ ಅಷ್ಟೆ.

ಕೊನೆಯಲ್ಲಿ ‘ದಿ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’ ಎಂದು ನಾನು ಬರೆದು ತೋರಿಸಿದಾಗ, ಟುಮಾರೋ ಇದ್ದರೆ ವಿಲ್ ಬೇಡವೇ ಎಂದು ಕೇಳಿದಳು. ‘ನಾಳೆ ಆರಕ್ಕೆ ಬಸ್ಸು ಹೊರಡುತ್ತದೆ’ ಎಂಬ ನಮ್ಮ ಮಾತಿನ ರೀತಿಯೇ ಇದು, ವೇಳಾಪಟ್ಟಿಗೆ ಸಿಂಪಲ್ ಪ್ರೆಸೆಂಟ್ ಸಾಕು ಎಂದೆ. “ಹಾಗಾದರೆ ‘ಐ ಗೋ ಟು ಬೆಂಗಳೂರು ಟುಮಾರೋ’ ಅನ್ನಬಹುದಾ?” ಎಂದಳು. ಅಲ್ಲಿ ‘ಐ ಆ್ಯಮ್ ಗೋಯಿಂಗ್’ ಎಂದೇ ಹೇಳಬೇಕೆಂದಾಗ, “ಬಸ್ಸಿಗೊಂದು ನ್ಯಾಯ, ನನಗೊಂದು ನ್ಯಾಯವಾ ಚಿಕ್ಕಪ್ಪ?” ಎಂದು ನಕ್ಕಳು. ಬಸ್ಸಿನ ಹೊತ್ತನ್ನು ಸಾರಿಗೆ ಸಂಸ್ಥೆ ಗೊತ್ತುಮಾಡಿದೆ, ನಿನ್ನ ಪ್ರಯಾಣವನ್ನು ನೀನೇ ಗೊತ್ತುಮಾಡಿಕೊಂಡಿದ್ದೀಯೆ ಎಂದು ಹೇಳಿ ಹಾಳೆಯನ್ನು ಅವಳ ಕೈಗಿತ್ತೆ.